ಹದಿನೇಳು ಎಮ್ಮೆಗಳ ಪಾಲು

ಒಗಟಿನ ಉತ್ತರವನ್ನು ಮೊದಲೇ ಬಲ್ಲವನ ಮುಖವನ್ನು ನೀವು ಎಂದಾದರೂ ಸಾವಧಾನವಾಗಿ ನೋಡಿದ್ದೀರಾ? ಹಲಸಿನ ಹಣ್ಣನ್ನು ಅಟ್ಟದ ಮೇಲೆ ತಾನೇ ಅಡಗಿಸಿಟ್ಟು, ಮನೆಮಂದಿಯೊಡನೆ ತಾನೂ ಮೂಗರಳಿಸಿ, ‘ಎಲ್ಲಿಂದಲೋ ಪರಿಮಳ ಬರುತ್ತಿದೆಯಲ್ಲ’ ಎಂದು ಆಶ್ಚರ್ಯ ನಟಿಸುವವನ ಮುಖ ಅದು. ಕೆನ್ನೆ ತುಸು ಉಬ್ಬಿರುತ್ತದೆ. ಹುಬ್ಬು ಇರಬೇಕಾದ ಸ್ಥಾನದಿಂದ ಅರ್ಧ ಅಂಗುಲ ಮೇಲಿರುತ್ತದೆ. ಕೇಳುವವನು ಸೋಲೊಪ್ಪಿಕೊಳ್ಳುವ ಕ್ಷಣಕ್ಕಾಗಿ ತುಟಿ ತವಕಿಸುತ್ತಿರುತ್ತದೆ. ಹತ್ತು ಹನ್ನೆರಡು ವರ್ಷಗಳ ಕಾಲ ಈ ಮುಖವನ್ನು ಹೊತ್ತುಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನ ಶಾಲೆಗಳನ್ನೆಲ್ಲ ತಿರುಗಿದವನು ನಾನು. ಅದು ನನ್ನ ಮೇಲಿಂದ ಹೇಗೆ ಕಳಚಿ ಬಿತ್ತೆಂಬುದನ್ನು ಹೇಳುತ್ತೇನೆ.

ನನ್ನ ಕಸುಬು ಪುಸ್ತಕಗಳಿಗೆ ರಟ್ಟು ಕಟ್ಟುವುದು. ಬಂಟ್ವಾಳದ ಪೇಟೆಯಲ್ಲಿ ಒಂದು ಕೋಣೆ, ಒಂದು ಒತ್ತುಯಂತ್ರ, ಒಂದು ಬಟ್ಟಲು ಹಿಟ್ಟಿನ ಅಂಟು. ಇಷ್ಟೇ ನನ್ನ ವಿಶ್ವವಿದ್ಯಾನಿಲಯ. ಐದನೆಯ ತರಗತಿಗೆ ಶಾಲೆ ಬಿಟ್ಟ ನಾನು ಆ ಬಳಿಕ ಕಲಿತದ್ದೆಲ್ಲವೂ ಕಟ್ಟಲು ಬಂದ ಪುಸ್ತಕಗಳಿಂದ. ಕಟ್ಟಲು ಬರುವವು ಹರಿದ ಪುಸ್ತಕಗಳೇ ಆದ್ದರಿಂದ ನನ್ನ ವಿದ್ಯೆಗೆ ಮೊದಲ ಪುಟವೂ ಇಲ್ಲ, ಕೊನೆಯ ಪುಟವೂ ಇಲ್ಲ; ಮಧ್ಯಭಾಗ ಮಾತ್ರ ಭದ್ರವಾಗಿದೆ. ವರ್ಷಕ್ಕೆರಡು ಬಾರಿ ಶಾಲೆಗಳ ಹಾಜರಿ ಪುಸ್ತಕಗಳನ್ನೂ ಕಿತ್ತುಹೋದ ಪಾಠಪುಸ್ತಕಗಳನ್ನೂ ಗಂಟುಕಟ್ಟಿ ಬಸ್ಸಿನ ಮೇಲೆ ಹೇರಿಕೊಂಡು ಬರುವುದು, ಕಟ್ಟಿದ್ದನ್ನು ಮರಳಿಸುವುದು ನನ್ನ ರೂಢಿಯಾಗಿತ್ತು.

ಸ್ವಂತವಾಗಿ ಓದಿ ಬೆಳೆದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಹತ್ತು ಜನ ಹೇಳಿದ್ದನ್ನು ನಂಬದಿರುವುದು. ಮೂಡುಬಿದಿರೆಯ ಬಸದಿಯಲ್ಲಿ ಸಾವಿರ ಕಂಬಗಳಿವೆಯೆಂದು ಲೋಕವೆಲ್ಲ ಹೇಳುತ್ತದೆ. ನಾನು ಒಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೋಗಿ ಎಣಿಸಿದೆ. ಮೂರು ಸಲ ಎಣಿಸಿದಾಗ ಮೂರು ಬೇರೆ ಬೇರೆ ಲೆಕ್ಕ ಬಂದವು. ಆದರೆ ಮೂರರಲ್ಲಿ ಒಂದೂ ಸಾವಿರವಾಗಿರಲಿಲ್ಲ. ಈ ಸಂಶೋಧನೆಯನ್ನು ನಾನು ಸಿಕ್ಕಸಿಕ್ಕವರಿಗೆ ಬಲವಂತವಾಗಿ ತಿಳಿಸಿದ್ದರಿಂದ, ಆ ಕಡೆಯ ಜನ ನನ್ನನ್ನು ‘ಕಂಬದ ಐತಪ್ಪಣ್ಣ’ನೆಂದೇ ಕರೆಯತೊಡಗಿದರು. ಅದನ್ನು ನಾನು ಬಿರುದೆಂದೇ ಭಾವಿಸಿದ್ದೆ.

ಗಣಿತದ ಒಗಟುಗಳ ಗೀಳು ಹತ್ತಿದ್ದು ಇದೇ ಕಸುಬಿನಿಂದ. ನಾವು ಮದ್ರಾಸಿನವರಾಗಿದ್ದವರು ಒಂದು ಬೆಳಗ್ಗೆ ಎದ್ದು ಮೈಸೂರಿನವರಾದ ಆ ಕಾಲದಲ್ಲಿ, ಯಾರೋ ಮಾಸ್ತರರು ಕಟ್ಟಲು ಕೊಟ್ಟ ಹಳೆಯ ಪುಸ್ತಕವೊಂದರಲ್ಲಿ ಅವುಗಳ ಗೊಂಚಲೇ ಸಿಕ್ಕಿತು. ಹಾಜರಿ ಪುಸ್ತಕ ಒಯ್ಯಲು ಹೋದಲ್ಲೆಲ್ಲ ಒಂದೊಂದನ್ನು ಹಂಚಿದೆ. ಮಾಸ್ತರರುಗಳಿಗೆ ಅರ್ಧ ಗಂಟೆಯ ಬಿಡುವು ಸಿಗುತ್ತಿತ್ತು, ಮಕ್ಕಳಿಗೆ ಮಗ್ಗಿಯಿಂದ ಮುಕ್ತಿ ಸಿಗುತ್ತಿತ್ತು, ನನಗೆ ಕುರ್ಚಿ ಸಿಗುತ್ತಿತ್ತು. ಪೊಳಲಿಯ ಕಡೆಯ ಶಾಲೆಯಲ್ಲಿ ಹುಲಿ, ಆಡು, ಹುಲ್ಲಿನ ಕಟ್ಟುಗಳನ್ನು ಒಂದೊಂದಾಗಿ ಹೊಳೆ ದಾಟಿಸುವುದು ಹೇಗೆಂದು ಕೇಳಿದೆ. ಫಲ್ಗುಣಿಯನ್ನು ದಿನಾ ದೋಣಿಯಲ್ಲಿ ದಾಟಿ ಶಾಲೆಗೆ ಬರುವ ಮಕ್ಕಳು ಪರಸ್ಪರ ಮುಖ ನೋಡಿಕೊಂಡು, ‘ಹುಲಿ ಹತ್ತಿಸಿದರೆ ಅಂಬಿಗನೇ ದೋಣಿ ಬಿಟ್ಟು ಹಾರ್ತಾನೆ’ ಎಂದು ಏಕಕಂಠದಿಂದ ತೀರ್ಪಿತ್ತರು. ಅಂದು ನಾನು ನಕ್ಕೆ. ಮಕ್ಕಳು ಒಗಟನ್ನು ಬಿಡಿಸುವ ಮೊದಲು ಅದನ್ನು ನಂಬಬಹುದೇ ಎಂದು ನೋಡುತ್ತಾರೆಂಬ ಎಚ್ಚರಿಕೆ ಆ ಉತ್ತರದಲ್ಲಿಯೇ ಇತ್ತು. ನಗುವವನ ಕಿವಿಗೆ ಅದು ಬೀಳಲಿಲ್ಲ.

ನನ್ನ ಭಂಡಾರದ ಮುಕುಟಮಣಿ ಹದಿನೇಳರ ಒಗಟು. ತಂದೆಯೊಬ್ಬ ಸಾಯುವಾಗ ತನ್ನ ಹದಿನೇಳು ಒಂಟೆಗಳಲ್ಲಿ ಹಿರಿಯ ಮಗನಿಗೆ ಅರ್ಧ, ನಡುವಿನವನಿಗೆ ಮೂರನೆಯ ಒಂದು ಪಾಲು, ಕಿರಿಯನಿಗೆ ಒಂಬತ್ತನೆಯ ಒಂದು ಪಾಲು ಎಂದು ಹೇಳಿದ. ಹದಿನೇಳರ ಅರ್ಧ ಮಾಡುವುದು ಹೇಗೆ? ಮಂತ್ರಿಯೊಬ್ಬ ಬಂದು ತನ್ನದೊಂದು ಒಂಟೆಯನ್ನು ಸೇರಿಸಿ ಹದಿನೆಂಟು ಮಾಡಿದ. ಒಂಬತ್ತು, ಆರು, ಎರಡು ಎಂದು ಹಂಚಿದ. ಕೂಡಿಸಿದರೆ ಹದಿನೇಳೇ ಆಯಿತು. ತನ್ನ ಒಂಟೆಯನ್ನು ಹಿಡಿದುಕೊಂಡು ಮನೆಗೆ ಹೋದ. ಎಂಥ ಚಮತ್ಕಾರ! ನಮ್ಮ ಕಡೆಯ ಮಕ್ಕಳು ಒಂಟೆಯನ್ನು ಕಂಡವರಲ್ಲವಾದ್ದರಿಂದ ನಾನು ಒಂಟೆಗಳನ್ನು ಎಮ್ಮೆಗಳನ್ನಾಗಿ ಮಾಡಿದೆ. ಮಂತ್ರಿಯನ್ನು ನೆರೆಮನೆಯವನನ್ನಾಗಿ ಮಾಡಿದೆ. ಅನುವಾದಕನ ಅಹಂಕಾರದಿಂದ ಬೀಗಿದೆ. ಕೊನೆಯ ಸಾಲು ಹೇಳುವಾಗ ನನ್ನ ಹುಬ್ಬು ಪೊಳಲಿಯಿಂದ ತೋಡಾರಿನವರೆಗೂ ಕಾಣಿಸುತ್ತಿತ್ತೆಂದು ತೋರುತ್ತದೆ.

ಬೆಳ್ತಂಗಡಿಯ ಕಡೆಯ ಒಂದು ಶಾಲೆಯಲ್ಲಿ ವಾಸುದೇವ ಮಾಸ್ತರರೆಂಬ ಸಜ್ಜನರು ಏಳನೆಯ ತರಗತಿಗೆ ಗಣಿತ ಕಲಿಸುತ್ತಿದ್ದರು. ಅವರಿಗೆ ಈ ಒಗಟಿನ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದರೆ, ಆ ವರ್ಷ ಅದನ್ನು ವಾರ್ಷಿಕ ಪರೀಕ್ಷೆಯ ಕೊನೆಯ ಪ್ರಶ್ನೆಯಾಗಿ ಇಟ್ಟುಬಿಟ್ಟರು, ಎಂಟು ಅಂಕ. ಇದು ನನಗೆ ಗೊತ್ತಾದದ್ದು ಏಪ್ರಿಲಿನ ಒಂದು ಶನಿವಾರ, ಗಂಟು ಕಟ್ಟಿಕೊಳ್ಳಲು ಅಲ್ಲಿಗೆ ಹೋದಾಗ. ಮಾಸ್ತರರ ಎದುರು ದೇರಣ್ಣ ಶೆಟ್ಟರು ಎಲೆಅಡಿಕೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬಾಗಿಲ ಬಳಿ ಅವರ ತಂಗಿಯ ಮಗಳು ಗುಲಾಬಿ ಗೋಡೆಗೆ ಬೆನ್ನೊತ್ತಿ ನಿಂತಿದ್ದಳು. ತಂದೆಯ ಆಸ್ತಿ ಮಕ್ಕಳಿಗೆ ಹೋಗದೆ ಸೋದರಿಯ ಸಂತಾನಕ್ಕೆ ಸಲ್ಲುವ ಅಳಿಯಕಟ್ಟಿನ ಮನೆ ಅವರದು. ಅಂಥ ಮನೆಯಲ್ಲಿ ಹುಡುಗಿಯ ವಿಷಯಕ್ಕೆ ಸೋದರಮಾವನ ಮಾತೇ ಅಂತಿಮ.

‘ಮೂವತ್ತೈದಕ್ಕೆ ಪಾಸು. ಇವಳಿಗೆ ಬಂದದ್ದು ಮೂವತ್ತು,’ ಎಂದರು ಮಾಸ್ತರರು ನನ್ನ ಕಡೆ ತಿರುಗಿ. ‘ನಿಮ್ಮ ಎಮ್ಮೆ ಲೆಕ್ಕಕ್ಕೇ ಒಂದು ಗಂಟೆ ಕೂತಿದ್ದಾಳೆ, ಐತಪ್ಪಣ್ಣ. ಬೇರೆ ಲೆಕ್ಕ ಅರ್ಧಕ್ಕರ್ಧ ಮುಟ್ಟಲೇ ಇಲ್ಲ.’

‘ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಮನೆ ಅಂತ ಮೊದಲೇ ಹೇಳಿದ್ದೆ,’ ಎಂದರು ಶೆಟ್ಟರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದಿಲ್ಲದಿದ್ದುದೇ ಹೆಚ್ಚು ಭಯಂಕರವಾಗಿತ್ತು. ‘ನಾಲ್ಕು ಮೈಲು ನಡೆದು ಹೋಗಿ ಫೇಲಾಗುವುದಕ್ಕಿಂತ ಮನೆಯಲ್ಲಿ ಕೆಲಸ ಉಂಟು. ಟಿ.ಸಿ. ಬರೆದುಬಿಡಿ ಮಾಸ್ಟ್ರೆ.’

ಒಗಟಿನ ಒಡೆಯನೆಂಬ ಗತ್ತಿನಲ್ಲಿ ನಾನು ಉತ್ತರಪತ್ರಿಕೆಯನ್ನು ಕೈಗೆತ್ತಿಕೊಂಡೆ. ಮೂರು ಪುಟ ಬರೆದಿದ್ದಳು. ಮೊದಲನೆಯ ಸಾಲು: ‘ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಈ ಮೂರನ್ನು ಕೂಡಿಸಿದರೆ ಪೂರ್ತಿ ಒಂದು ಆಗುವುದಿಲ್ಲ; ಹದಿನೆಂಟರಲ್ಲಿ ಹದಿನೇಳು ಪಾಲು ಮಾತ್ರ ಆಗುತ್ತದೆ.’ ಮುಂದೆ: ‘ಆದುದರಿಂದ ತಂದೆ ಪೂರ್ತಿ ಆಸ್ತಿಯನ್ನು ಹಂಚಿಲ್ಲ. ನೆರೆಮನೆಯವನು ಎಮ್ಮೆ ತಂದದ್ದು ಇದನ್ನು ಮುಚ್ಚುವುದಕ್ಕೆ. ಮೂವರಿಗೂ ತಂದೆ ಹೇಳಿದ್ದಕ್ಕಿಂತ ಹೆಚ್ಚು ಸಿಕ್ಕಿದೆ.’ ಎರಡು ಪುಟಗಳ ಭಿನ್ನರಾಶಿಗಳಾದ ಮೇಲೆ ಕೊನೆಯ ಸಾಲು: ‘ತಂದೆ ಯಾರಿಗೆಂದು ಹೇಳದೆ ಬಿಟ್ಟ ಭಾಗವು ಅವನ ತಂಗಿಯ ಮಕ್ಕಳಿಗೆ ಸೇರತಕ್ಕದ್ದು. ಅವರನ್ನು ಯಾರೂ ಕೇಳಿಲ್ಲ.’

ಓದುಗರೇ, ಹೊಲಿದು, ಅಂಟು ಬಳಿದು, ರಟ್ಟು ಬಿಗಿದು, ಒತ್ತುಯಂತ್ರದಿಂದ ಹೊರತೆಗೆದ ಪುಸ್ತಕದಲ್ಲಿ ಮೂವತ್ತೆರಡನೆಯ ಪುಟದ ಬಳಿಕ ಹದಿನೇಳನೆಯ ಪುಟ ಬಂದಿರುವುದನ್ನು ಕಂಡ ಬೈಂಡರನ ಎದೆಬಡಿತವನ್ನು ನೀವು ಕೇಳಿರಲಾರಿರಿ. ಆ ಕೋಣೆಯಲ್ಲಿ ನನ್ನದು ಹಾಗೆ ಬಡಿಯಿತು. ಬೆರಳುಗಳನ್ನು ಮಡಿಸಿ ಕೂಡಿಸಿದೆ, ಹದಿನೆಂಟರಲ್ಲಿ ಒಂಬತ್ತು, ಆರು, ಎರಡು, ಹದಿನೇಳು. ಮತ್ತೆರಡು ಸಲ ಕೂಡಿಸಿದೆ. ಕಂಬಗಳ ವಿಷಯದಲ್ಲಿ ಮೂರು ಬೇರೆ ಬೇರೆ ಲೆಕ್ಕ ಬಂದಿದ್ದವು. ಇಲ್ಲಿ ಮೂರು ಸಲವೂ ಒಂದೇ ಬಂತು. ಊರ ನಂಬಿಕೆಗಳನ್ನೆಲ್ಲ ತಟ್ಟಿ ನೋಡುವೆನೆಂದು ಜಂಬ ಕೊಚ್ಚುತ್ತಿದ್ದವನು, ಅಚ್ಚಿನಲ್ಲಿ ಬಂದ ಒಂದು ಪುಟವನ್ನು ಹನ್ನೆರಡು ವರ್ಷ ತಟ್ಟದೆಯೇ ಹಂಚಿದ್ದೆ! ಅದಕ್ಕಿಂತ ಹೆಚ್ಚಾಗಿ ನನ್ನನ್ನು ಇರಿದದ್ದು ಇನ್ನೊಂದು. ನಾನೂ ಸೋದರಮಾವನ ಮನೆಯಲ್ಲಿ ಬೆಳೆದವನು. ನನ್ನ ಕೋಣೆ, ನನ್ನ ಒತ್ತುಯಂತ್ರ ಎಲ್ಲವೂ ಮಾವನಿಂದ ಅಳಿಯನಿಗೆಂದೇ ಬಂದವು. ಒಂಟೆಯನ್ನು ಎಮ್ಮೆ ಮಾಡುವಷ್ಟು ಊರಭಿಮಾನ ನನಗಿತ್ತು; ‘ತಂಗಿಯ ಮಕ್ಕಳೆಲ್ಲಿ?’ ಎಂದು ಕೇಳುವಷ್ಟು ಇರಲಿಲ್ಲ. ಅದು ಒಬ್ಬ ಹನ್ನೆರಡು ವರ್ಷದ ಹುಡುಗಿಗೆ ಹೊಳೆದಿತ್ತು. ಅದಕ್ಕಾಗಿ ಅವಳು ಸೊನ್ನೆ ಪಡೆದು ಗೋಡೆಗೊರಗಿ ನಿಂತಿದ್ದಳು.

ಸುಮ್ಮನಿದ್ದುಬಿಡಬಹುದಿತ್ತು. ಆ ಆಸೆ ಹುಟ್ಟಿದ್ದನ್ನು ಮುಚ್ಚಿಡಲಾರೆ. ಬಸ್ಸಿಗೆ ಇನ್ನು ಕಾಲು ಗಂಟೆಯಿದೆ ಎಂಬ ವಿಚಾರವೂ, ಹನ್ನೆರಡು ವರ್ಷದ ಕುರ್ಚಿಗಳ ನೆನಪೂ ನನ್ನ ನಾಲಿಗೆಯನ್ನು ಕೆಲವು ಕ್ಷಣ ಹಿಡಿದಿಟ್ಟವು. ಮಾಸ್ತರರು ಟಿ.ಸಿ. ಪುಸ್ತಕವನ್ನು ಬಿಚ್ಚಿದರು. ಅದರ ಹೊಲಿಗೆ ನನ್ನದೇ.

‘ಬರೀಬೇಡಿ,’ ಎಂದೆ. ‘ಹುಡುಗಿ ಹೇಳಿದ್ದು ಸರಿ. ತಪ್ಪು ನನ್ನದು.’

‘ಒಂಬತ್ತು, ಆರು, ಎರಡು; ಹದಿನೇಳು ಆಯ್ತಲ್ಲ? ಉಳಿಯುವುದು ಎಲ್ಲಿಂದ?’ ಎಂದು ಮಾಸ್ತರರು ದಿಗ್ಭ್ರಾಂತರಾಗಿ ಕೇಳಿದರು. ಭಿನ್ನರಾಶಿಗಳನ್ನು ವಿವರಿಸಲು ನಾನು ತೊದಲಿದೆ. ಅಷ್ಟರಲ್ಲಿ ಗುಲಾಬಿ, ‘ಮಾವ, ನಿಮ್ಮ ಎಲೆ ಕೊಡಿ,’ ಎಂದಳು. ಎಮ್ಮೆಯನ್ನು ಸೀಳಲಾಗದು, ವೀಳ್ಯದೆಲೆಯನ್ನು ಸೀಳಬಹುದಲ್ಲ! ಅವಳು ಹದಿನೇಳು ಎಲೆಗಳನ್ನೆಣಿಸಿ ಮೇಜಿನ ಮೇಲೆ ಹಾಸಿದಳು. ಹಿರಿಯ ಮಗನ ಪಾಲಿಗೆ ಒಂಬತ್ತು ಇಟ್ಟು, ಹದಿನೇಳರ ಅರ್ಧ ಎಂಟೂವರೆ ತಾನೇ ಎಂದು ಒಂದೆಲೆಯ ಅರ್ಧವನ್ನು ಹರಿದು ಹಿಂದಕ್ಕೆ ತೆಗೆದುಕೊಂಡಳು. ನಡುವಿನವನಿಗೆ ಆರು ಇಟ್ಟು, ಒಂದೆಲೆಯ ಮೂರನೆಯ ಒಂದು ಭಾಗವನ್ನು ಹರಿದಳು. ಕಿರಿಯನಿಗೆ ಎರಡು ಇಟ್ಟು, ಒಂದರ ತುದಿಯಿಂದ ಒಂಬತ್ತನೆಯ ಒಂದು ಚೂರು ಚಿವುಟಿದಳು. ಮೂರು ಚೂರುಗಳನ್ನು ಒಂದಕ್ಕೊಂದು ತಾಗಿಸಿಟ್ಟಾಗ ಹೆಚ್ಚುಕಡಿಮೆ ಒಂದಿಡೀ ಎಲೆ ಯಾರದೂ ಅಲ್ಲದೆ ಮೇಜಿನ ಮೇಲೆ ಬಿದ್ದಿತ್ತು.

ಶೆಟ್ಟರು ಅದನ್ನೇ ನೋಡಿದರು. ಮನೆಯ ಗದ್ದೆಗಳ ಪಾಲನ್ನು ಹಗ್ಗ ಹಿಡಿದು ಅಳೆದವರು ಅವರು. ಅವರಿಗೆ ಭಿನ್ನರಾಶಿ ಬೇಕಾಗಿರಲಿಲ್ಲ.

‘ಓ! ಮೂವರೂ ಸೇರಿ ಒಂದು ಎಮ್ಮೆಯನ್ನು ನುಂಗಿದರು!’ ಎಂದು ಮೇಜು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ‘ಅಲ್ಲ ಮಾರಾಯ್ರೆ, ಸಾವಿರ ಕಂಬ ಎಣಿಸಿದವರಿಗೆ ಹದಿನೇಳು ಎಮ್ಮೆ ಎಣಿಸಲಿಕ್ಕೆ ಆಗಲಿಲ್ಲವಾ?’ ಎಂದು ಕೇಳಿದರು.



ವಾಸುದೇವ ಮಾಸ್ತರರು ಸಜ್ಜನರೆಂದೆನಲ್ಲ; ಆದರೆ ಕೆಂಪು ಶಾಯಿಯಲ್ಲಿ ಬರೆದ ಸೊನ್ನೆಯನ್ನು ಹೊಡೆದುಹಾಕುವುದು ಸಜ್ಜನರಿಗೂ ಕಷ್ಟ. ಬಹಳ ಹೊತ್ತು ಪೆನ್ನನ್ನು ಗಾಳಿಯಲ್ಲಿ ಆಡಿಸಿ, ‘ಕೇಳಿದ ಉತ್ತರ ಬರೆಯಲಿಲ್ಲ ಅಂತ ಅರ್ಧ ಕಳೆದು, ಅರ್ಧ ಕೊಡ್ತೇನೆ,’ ಎಂದು ಎಂಟರಲ್ಲಿ ನಾಲ್ಕು ಬರೆದರು. ಮೂವತ್ತಕ್ಕೆ ನಾಲ್ಕು, ಮೂವತ್ತನಾಲ್ಕು. ಒಂದು ಅಂಕ ಕಡಿಮೆ. ಕೋಣೆಯಲ್ಲಿದ್ದ ನಾಲ್ವರಿಗೂ ಅದು ಒಟ್ಟಿಗೇ ಹೊಳೆಯಿತು.

ಗುಲಾಬಿ ಮೆಲ್ಲನೆ ಕೇಳಿದಳು: ‘ಉಳಿದ ನಾಲ್ಕು ಯಾರಿಗೆ, ಮಾಸ್ಟ್ರೆ?’

ಮಾಸ್ತರರು ಅವಳನ್ನು ನೋಡಿದರು, ಎಲೆಯ ಚೂರುಗಳನ್ನು ನೋಡಿದರು, ನಾಲ್ಕನ್ನು ಹೊಡೆದು ಎಂಟು ಬರೆದರು. ಶೆಟ್ಟರು ಎದ್ದು ಪಂಚೆ ಕೊಡವಿಕೊಂಡು, ‘ನಡಿ. ಜೂನಿನಲ್ಲಿ ಕೊಡೆ ಹೊಸತು ಬೇಕಾದೀತು, ನಾಲ್ಕು ಮೈಲು ಉಂಟು,’ ಎಂದರು. ಟಿ.ಸಿ. ಬರೆದದ್ದು ಹೌದು, ಆದರೆ ಹೈಸ್ಕೂಲಿಗೆಂದು.

ಆ ಮುಂದಿನ ದಿನಗಳಲ್ಲಿ ನಾನು ಪ್ರಾಯಶ್ಚಿತ್ತದ ಯಾತ್ರೆ ಹೊರಟೆ. ನನ್ನ ಎಮ್ಮೆಗಳು ಮೇದ ಶಾಲೆಗಳಿಗೆಲ್ಲ ಹೋಗಿ, ಅಲ್ಲಿಯ ಮಾಸ್ತರರೆದುರು ನಿಂತು, ಒಗಟು ತಪ್ಪೆಂದು ಹೇಳಬೇಕೆಂಬುದು ನನ್ನ ಹಟ. ‘ಉತ್ತರ ಬರ್ತದಲ್ಲ, ಸಾಕು’ ಎಂದವರಿದ್ದರು. ‘ಪುಸ್ತಕದಲ್ಲಿ ಉಂಟು, ನಮಗೇಕೆ?’ ಎಂದವರಿದ್ದರು. ಇದಕ್ಕೆಲ್ಲ ನಾನು ಸಿದ್ಧನಾಗಿದ್ದೆ. ಸಿದ್ಧನಾಗಿರದಿದ್ದುದು ಮೂಡುಬಿದಿರೆಯಲ್ಲಿ ಕಾದಿತ್ತು. ಅಲ್ಲಿಯ ಹಿರಿಯ ಶಿಕ್ಷಕಿ ಕಲ್ಯಾಣಿ ಟೀಚರು ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

‘ಅದು ನನಗೆ ಮೊದಲ ವರ್ಷವೇ ಗೊತ್ತಾಗಿತ್ತು, ಐತಪ್ಪಣ್ಣ. ಮಕ್ಕಳಲ್ಲಿಯೂ ಮೂರು ನಾಲ್ಕು ಜನರಿಗೆ ಗೊತ್ತುಂಟು.’

‘ಮತ್ತೆ ಹೇಳಲಿಲ್ಲ ಯಾಕೆ?’

‘ನೀವು ಅಷ್ಟು ದೂರದಿಂದ ಗಂಟು ಹೊತ್ತುಕೊಂಡು ಬರ್ತೀರಿ. ಅಷ್ಟು ಖುಷಿಯಲ್ಲಿ ಹೇಳ್ತೀರಿ. ಬೇಸರ ಮಾಡುವುದು ಯಾಕೆ ಅಂತ ಮಕ್ಕಳಿಗೆ ಸುಮ್ಮನಿರಲಿಕ್ಕೆ ಹೇಳಿದೆ.’

ತಪ್ಪು ಸಿಕ್ಕಿದ್ದಕ್ಕಿಂತ ಈ ದಾಕ್ಷಿಣ್ಯ ನನ್ನನ್ನು ಹೆಚ್ಚು ನಡುಗಿಸಿತು. ಹಳೆಯ ಕಥೆಗಳು ಜನರ ಮೌಢ್ಯದಿಂದ ಬದುಕುತ್ತವೆಂದು ನಾನು ಊರೂರು ಸಾರಿಕೊಂಡು ಬಂದವನು. ನನ್ನದೊಂದು ಕಥೆ ಇಷ್ಟು ವರ್ಷ ಬದುಕಿದ್ದು ಕೇಳುಗರ ಸೌಜನ್ಯದಿಂದ. ಸುಮ್ಮನಿದ್ದ ಆ ಮಕ್ಕಳೆಲ್ಲರೂ ಪಾಸಾಗಿದ್ದರು. ಸುಮ್ಮನಿರಲಾರದ ಒಬ್ಬಳು ಮಾತ್ರ ಟಿ.ಸಿ. ಪುಸ್ತಕದ ಎದುರು ನಿಲ್ಲಬೇಕಾಯಿತು.

ಈಗಲೂ ಹದಿನೇಳು ಎಮ್ಮೆಗಳನ್ನು ಹೊಡೆದುಕೊಂಡು ಶಾಲೆಗಳಿಗೆ ಹೋಗುತ್ತೇನೆ. ಆದರೆ ಒಗಟು ಹೇಳಿ ಮುಗಿದ ಮೇಲೆ ನೋಡುವುದು ಉತ್ತರ ಗೊತ್ತಿಲ್ಲದೆ ಚಡಪಡಿಸುವವರನ್ನಲ್ಲ. ಹಿಂದಿನ ಸಾಲಿನಲ್ಲಿ ಯಾರಾದರೂ ನನ್ನ ಮೇಲಿನ ಕನಿಕರದಿಂದ ತುಟಿ ಬಿಗಿಹಿಡಿದು ಕುಳಿತಿದ್ದಾರೆಯೇ ಎಂದು ಹುಡುಕುತ್ತೇನೆ. ಕಂಡರೆ, ಕುರ್ಚಿ ಬಿಟ್ಟೆದ್ದು ಅಲ್ಲಿಯವರೆಗೆ ನಡೆದುಹೋಗಿ, ‘ಹೇಳು ಮಗು, ನನಗೆ ಬೇಸರವಾಗಲಿ’ ಎನ್ನುತ್ತೇನೆ.