ಇಳೀಲಾ ಅಪ್ಪ?

ಕಾಮಸಮುದ್ರದ ಆಸುಪಾಸಿನಲ್ಲಿ ಈಜು ಬಲ್ಲವರನ್ನು ನಿಲ್ಲಿಸಿ ಯಾರು ಕಲಿಸಿದ್ದು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಕೋದಂಡಪ್ಪನ ಹೆಸರು ಹೇಳುತ್ತಾರೆ. ಉಳಿದಿಬ್ಬರು ಅವನ ಕೈಲಿ ಒದೆ ತಿಂದು ಓಡಿಹೋದವರು. ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ, ಹೊಲದ ನಡುವೆ ತಾತನ ಕಾಲದ ಕಲ್ಲುಕಟ್ಟಿನ ಬಾವಿ, ಇಷ್ಟೇ ಅವನ ಆಸ್ತಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದನೆಂದರೆ ಬಾವಿಕಟ್ಟೆಯೇ ಅವನ ಸಿಂಹಾಸನ.

ಆ ಬಾವಿಗೊಂದು ಕಟ್ಟಳೆ ಇತ್ತು. ಸೊಂಟಕ್ಕೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡ ಪುಟಾಣಿಯಾಗಲಿ, ಮೀಸೆ ಬಂದ ಗಂಡಾಳಾಗಲಿ, ಮೊದಲು "ಇಳೀಲಾ?" ಎಂದು ಕೂಗಬೇಕು. ಕೋದಂಡಪ್ಪ ನೀರನ್ನೊಮ್ಮೆ ನೋಡಿ "ಇಳಿ" ಅನ್ನಬೇಕು. ಅಲ್ಲಿಯ ತನಕ ಯಾರ ಕಾಲೂ ನೀರು ಮುಟ್ಟುವ ಹಾಗಿಲ್ಲ. ಇಳಿದ ಮೇಲೆ ಅವನದು ಒಂದೇ ಪಾಠ.

"ದಮ್ಮು ಕಟ್ತು ಅಂದ್ರೆ ಅತ್ಲಾಗೆ ಇತ್ಲಾಗೆ ನೋಡ್ಬೇಡ ಕಣ್ಲಾ. ಎದುರ್ಗೆ ಕಾಣೋ ಕಲ್ಗೆ ನೇರ ಬಾ!"

ಬಾವಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಎಲ್ಲಿಂದ ಹೊರಟರೂ ನಾಲ್ಕು ಕೈ ಹೊಡೆದರೆ ಕಲ್ಲು ಸಿಗುತ್ತದೆ.

ಅವನ ಒಬ್ಬಳೇ ಮಗಳು ಶಶಿರೇಖ ಎಲ್ಲರಿಗಿಂತ ಚೆನ್ನಾಗಿ ಈಜು ಕಲಿತಳು. ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿನ ಹೋಟೆಲೊಂದಕ್ಕೆ ಬಟ್ಟೆ ಒಗೆಯುವ ಕೆಲಸಕ್ಕೆ ದಿನಾ ಹೋಗಿಬರುತ್ತಿದ್ದಳು. ಅಲ್ಲಿ ಜೊತೆಯಾದವಳು ಉರಿಗಾಂನ ಸೆಲ್ವಿ. ಹೋದ ವರ್ಷ ಇಬ್ಬರಿಗೂ ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪದ ರೆಸಾರ್ಟಿನಲ್ಲಿ ಅದೇ ಲಾಂಡ್ರಿ ಕೆಲಸ ಸಿಕ್ಕಿತು. ಸುತ್ತಲೂ ನೀರಂತೆ ಎಂದು ತಾಯಿ ಆದಿಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೋದಂಡಪ್ಪ ಮಾತ್ರ ಬೀಗಿದ.

"ನೀರಾದ್ರೆ ಏನೇ? ಅವ್ಳು ಯಾರ್ ಮಗ್ಳು!"

ಬಾವಿಯೊಳಗಿನ ಕಪ್ಪೆ ಎಂದು ಊರವರು ಬೆನ್ನ ಹಿಂದೆ ನಕ್ಕಿರಬಹುದು. ಮುಂದೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ದ್ವೀಪಕ್ಕೆ ಹೋದರೂ ಹುಡುಗಿ ಕಟ್ಟಳೆ ಬಿಡಲಿಲ್ಲ. ರಜೆಯ ದಿನವಾದ ಶುಕ್ರವಾರ ಕಡಲಿಗಿಳಿಯುವ ಮುಂಚೆ ವಿಡಿಯೋ ಕಾಲ್ ಮಾಡಿ, ನೀರು ತೋರಿಸಿ, "ಇಳೀಲಾ ಅಪ್ಪ?" ಎಂದು ಕೇಳುವಳು. ಕಡಲನ್ನು ಜನ್ಮದಲ್ಲಿ ಕಂಡಿರದ ಕೋದಂಡಪ್ಪ ಅಂಗೈಯಗಲದ ಕಡಲನ್ನು ಗಂಭೀರವಾಗಿ ಪರೀಕ್ಷಿಸಿ "ಇಳಿ" ಅನ್ನುವನು. ಅದಕ್ಕಿಂತ ದೊಡ್ಡ ಸುಖ ಅವನಿಗೆ ಬೇರೆ ಇರಲಿಲ್ಲ.

ಆ ಶುಕ್ರವಾರವೂ ಹಾಗೆಯೇ ಆಯಿತು. ಬೇಸಿಗೆ ರಜೆ, ಬಾವಿಯಲ್ಲಿ ಮಕ್ಕಳ ಗದ್ದಲ. ಫೋನಿನಲ್ಲಿ ಶಶಿರೇಖ ಕಾಣಿಸಿಕೊಂಡಳು.

"ಅಪ್ಪಾ, ಇವತ್ತು ದ್ವೀಪದ ಆಚೆ ಮಗ್ಗುಲಿಗೆ ಬಂದಿದ್ದೀವಿ. ಇಲ್ಲಿ ಅಲೆ ಜೋರು. ಎಲ್ಲಿ ಇಳೀಲಿ ನೋಡೇಳು."

ಸೆಲ್ವಿ ಫೋನು ಹಿಡಿದು ಕಡಲಿನ ಉದ್ದಕ್ಕೂ ತೋರಿಸಿದಳು. ಆ ಬದಿಗೆ ಅಲೆ, ಈ ಬದಿಗೆ ಅಲೆ, ಎರಡೂ ಕಡೆ ಬೆಳ್ಳಗೆ ನೊರೆ. ನಡುವೆ ಬಂಡಿದಾರಿಯಷ್ಟು ಅಗಲಕ್ಕೆ ನೀರು ಕಪ್ಪಗೆ, ಸುಮ್ಮನೆ, ಬಾವಿ ನೀರಿನ ಹಾಗೇ ಇತ್ತು.

"ಅಗೋ, ನಡೂಮಧ್ಯ ನೊರೆ ಇಲ್ದಂಗೆ ಸುಮ್ಕೈತಲ್ಲ, ಅಲ್ಲಿ."

"ಇಳೀಲಾ ಅಪ್ಪ?"

"ಇಳಿಯವ್ವ."

ನಗುತ್ತಲೇ ಇಳಿದಳು. ಕೈ ಬೀಸಿದಳು. ನೋಡನೋಡುತ್ತಿದ್ದಂತೆ ಅವಳ ತಲೆ ತೆಂಗಿನಕಾಯಿಯಷ್ಟಾಯಿತು, ನಿಂಬೆಹಣ್ಣಿನಷ್ಟಾಯಿತು. ದಡದ ಕಡೆಗೇ ಮುಖ ಮಾಡಿ ಈಜುತ್ತಿದ್ದಳು. ಕೈ ಬೀಸಿನಲ್ಲಿ ಒಂದೂ ತಪ್ಪಿಲ್ಲ, ಎಲ್ಲ ಅವನು ಕಲಿಸಿದ್ದೇ. ಆದರೂ ಹಿಂದಕ್ಕೆ ಹೋಗುತ್ತಿದ್ದಳು.

"ಐಯೋ ಅಪ್ಪಾ, ದೂರ ಓಗ್ತಾ ಅವ್ಳೆ!" ಎಂದು ಸೆಲ್ವಿ ಕಿರುಚಿದಳು.

ಕೋದಂಡಪ್ಪ ಎದ್ದು ನಿಂತು ಫೋನಿಗೆ ಬಾಯಿಟ್ಟು ಕೂಗಿದ. "ನೇರ ಬಾ! ಅತ್ಲಾಗೆ ಇತ್ಲಾಗೆ ನೋಡ್ಬೇಡ, ನೇರ ಬಾ!"

ಬಾವಿಯಲ್ಲಿದ್ದ ಮಕ್ಕಳು ಹೆದರಿ, ನೇರವಾಗಿ ಬಂದು, ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ನೀರು ಸೋರಿಸುತ್ತ ನಿಂತರು. ಕೇಳಬೇಕಾದವಳಿಗೆ ಕೇಳಿಸಲಿಲ್ಲ. ಫೋನು ಕಡಿದುಹೋಯಿತು.

ಮತ್ತೆ ಮಾಡಿದ. ಲೈನು ಸಿಗಲಿಲ್ಲ. ಮತ್ತೆ ಮಾಡಿದ. ಗದ್ದಲ ಕೇಳಿ ಆದಿಲಕ್ಷ್ಮಮ್ಮ ಹುಲ್ಲಿನ ಹೊರೆ ಅಲ್ಲೇ ಎಸೆದು ಓಡಿಬಂದಳು. "ಏನಾಯ್ತು? ಬಾಯ್ಬಿಡು!" ಎಂದು ಭುಜ ಹಿಡಿದು ಅಲುಗಿಸಿದಳು. ಏನೆಂದು ಬಾಯಿಬಿಡುತ್ತಾನೆ? ನಾನೇ ಇಳಿ ಅಂದೆ ಅನ್ನಲೇ? ಜೀವಮಾನವೆಲ್ಲ ಮುಳುಗುವವರನ್ನು ಜುಟ್ಟು ಹಿಡಿದು ಎಳೆದು ತಂದ ಮನುಷ್ಯ ಮೆಟ್ಟಿಲಿಳಿದು ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟ. ಅಲ್ಲಿ ಎಳೆದು ತರಲು ಯಾರೂ ಇರಲಿಲ್ಲ. ಅಂಥ ಅಸಹಾಯಕತೆ ಶತ್ರುವಿಗೂ ಬೇಡ.

ಹೊತ್ತು ಇಳಿಯುವಾಗ ಸೆಲ್ವಿಯ ಫೋನು ಬಂತು. ದೋಣಿಯವರು ಎತ್ತಿಕೊಂಡು ಬಂದಿದ್ದರು. ಜೀವ ಇತ್ತು.

ದೋಣಿಯವರು ಹೇಳಿದ್ದನ್ನು ಸೆಲ್ವಿ ಬಿಕ್ಕುತ್ತಲೇ ಹೇಳಿದಳು. ದ್ವೀಪದ ಸುತ್ತ ನೀರಿನಡಿ ಹವಳದ ದಿಬ್ಬ ಇದೆಯಂತೆ. ಅಲೆಗಳು ಅದನ್ನು ಹತ್ತಿ ಒಳಗೆ ಸುರಿದ ನೀರು ದಿಬ್ಬದಲ್ಲಿ ಸಂದು ಎಲ್ಲಿದೆಯೋ ಅಲ್ಲಿಂದಲೇ ಹೊರಗೆ ನುಗ್ಗುತ್ತದಂತೆ. ಸಂದು ಆಳವಾದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೋಡುವವರಿಗೆ ಸುಮ್ಮನಿದ್ದ ಹಾಗೆ ಕಾಣುತ್ತದೆ. ಆ ಸೆಳೆತಕ್ಕೆ ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಬಾರದು. ತೇಲುತ್ತ ಕೈಯೆತ್ತಿ ಕರೆಯಬೇಕು. ಶಕ್ತಿಯಿದ್ದರೆ ಸೆಳೆತಕ್ಕೆ ಅಡ್ಡಲಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು.

ಕೋದಂಡಪ್ಪ ಕೇಳಿಸಿಕೊಂಡ. ಅವನು ತೋರಿಸಿದ ಜಾಗವೂ ತಪ್ಪು, ಕೂಗಿದ ಮಾತೂ ತಪ್ಪು.

ಆಮೇಲೆ ಮಗಳ ದನಿ ಬಂತು, ಉಪ್ಪುನೀರು ಕುಡಿದು ಒಡೆದ ದನಿ.

"ನೀನು ಕಲ್ಸಿದಂಗೇ ನೇರ ಬಂದೆ ಅಪ್ಪ. ಕೈ ಸೋತೋದ್ವು. ಇನ್ನು ಆಗಲ್ಲ ಅಂತ ಅಂಗಾತ ಬಿದ್ಕೊಂಡೆ. ಅಷ್ಟೊತ್ಗೆ ದೋಣಿ ಬಂತು."

ಅವಳು ದೂರಿ ಹೇಳಿದ್ದಲ್ಲ. ದೂರಿದ್ದರೆ ವಾಸಿಯಿತ್ತು.

"ವಾಪಸ್ ಬಂದ್ಬುಡವ್ವ" ಎಂದ.

"ಒಪ್ಕೊಂಡಿರೋ ಅವಧಿ ಮುಗೀಬೇಕಪ್ಪ. ಇಲ್ಲೇ ಇರೋಳು ನೀರಿಗೆ ಎದ್ರುಕೊಂಡು ಎಂಗಿರ್ಲಿ?"

ಮುಂದಿನ ತಿಂಗಳು ಒಂದು ಶುಕ್ರವಾರ ಫೋನು ಬಂದಾಗ ಅವನು ಬಾವಿಕಟ್ಟೆಯ ಮೇಲಿದ್ದ. ಮಗಳ ಪಕ್ಕದಲ್ಲಿ ಆ ದೋಣಿಯವರಲ್ಲೊಬ್ಬ ನಿಂತಿದ್ದ. ಅವನಿಂದ ಕಡಲನ್ನು ಓದುವುದು ಕಲಿಯುತ್ತಿದ್ದಾಳಂತೆ. ಎಲ್ಲಿ ಇಳಿಯಬೇಕೆಂದು ಅವನನ್ನು ಕೇಳಿಯಾಗಿತ್ತು, ಅದು ಕೋದಂಡಪ್ಪನಿಗೂ ತಿಳಿಯಿತು. ಆದರೂ ಅಪ್ಪನ ಮುಖ ನೋಡಿ, ಅವನ ಮನಸ್ಸು ನೋಯಬಾರದೆಂದು, ಅವಳು ನೀರು ತೋರಿಸಿ ಕೇಳಿದಳು.

"ಇಳೀಲಾ ಅಪ್ಪ?"

ಕೋದಂಡಪ್ಪ ನೀರನ್ನು ನೋಡಿದ. ಬಹಳ ಹೊತ್ತು ನೋಡಿದ. ಎಲ್ಲ ಕಡೆಯೂ ಅವನಿಗೆ ಒಂದೇ ಥರ ಕಂಡಿತು.

"ನಂಗೊತ್ತಾಗಲ್ಲ ಕಣವ್ವ" ಎಂದ. "ಅಲ್ಲಿರೋರ್ನೇ ಕೇಳು."