ಜಟ್ಟಪ್ಪನ ಬ್ಯಾಸ್ಕೆಟ್‌ಬಾಲ್ ಕಣ

ಭದ್ರಾವತಿಯ ಕಾರ್ಖಾನೆ ವಸತಿಯ ಹಿಂದೆ, ಹುಣಸೆಮರದ ಪಕ್ಕದಲ್ಲಿ ನಮ್ಮೂರ ತಂಡದ ಬ್ಯಾಸ್ಕೆಟ್‌ಬಾಲ್ ಅಂಗಳವಿತ್ತು. ಚೆಂಡು ಬೀಳುವ ಕಬ್ಬಿಣದ ಬಳೆಗಳನ್ನು ಕೆಲಸಗಾರರೇ ಬಡಿದು ಕೊಟ್ಟಿದ್ದರು. ನೆಲದ ಕೆಲಸ ಮಾತ್ರ ಜಟ್ಟಪ್ಪನದು.

ಜಟ್ಟಪ್ಪ ಹೊಳೆಹೊನ್ನೂರಿನ ಕಡೆಯವನು. ಕಾರ್ಖಾನೆಗೆ ಕೂಲಿಯಾಗಿ ಬರುವ ಮುನ್ನ ಊರೂರಿಗೆ ಹೋಗಿ ಒಕ್ಕಣೆಯ ಕಣ ಮಾಡಿಕೊಡುತ್ತಿದ್ದ. ಈ ಅಂಗಳವನ್ನೂ ಅವನು ಕಣದಂತೆಯೇ ಮಾಡಿದ. ಹುತ್ತದ ಮಣ್ಣು ಹರಡಿ, ಕಲ್ಲುಗುಂಡು ಉರುಳಿಸಿ, ಸಗಣಿ ಬಗ್ಗಡದಿಂದ ಸಾರಿಸುತ್ತಿದ್ದ. ಆಟದ ನಿಯಮ ಒಂದೂ ತಿಳಿಯದು. ಆದರೆ ಚೆಂಡು ಪುಟಿಯುವ ಸದ್ದು ಕೇಳಿಯೇ ನೆಲ ಎಲ್ಲಿ ಪೊಳ್ಳಾಗಿದೆಯೆಂದು ಹೇಳುತ್ತಿದ್ದ. ಕಣಕ್ಕೆ ಮೆಟ್ಟು ಮೆಟ್ಟಿ ಕಾಲಿಡಬಾರದೆಂಬುದು ಅವನ ಕಡೆಯ ಪದ್ಧತಿ. ನಮ್ಮ ಹುಡುಗರೂ ಬರಿಗಾಲಿನಲ್ಲೇ ಆಡುತ್ತಿದ್ದರು.

೧೯೫೯ರಲ್ಲಿ ಜಿಲ್ಲೆಯ ಅಂತಿಮ ಪಂದ್ಯ ಮೊದಲ ಬಾರಿಗೆ ನಮ್ಮ ಅಂಗಳಕ್ಕೆ ಬಂದಿತು. ಅಲ್ಲಿಯವರೆಗೆ ಅದು ಶಿವಮೊಗ್ಗ ಬಿಟ್ಟು ಕದಲಿರಲಿಲ್ಲ. ನೆಲದ ಬಗ್ಗೆ ಒಂದು ದೂರು ಬಂದರೂ ಮುಂದೆ ಇಲ್ಲಿ ಪಂದ್ಯವಿಲ್ಲವೆಂದು ಸಮಿತಿಯವರು ಮೊದಲೇ ಹೇಳಿದ್ದರು. ಜಟ್ಟಪ್ಪ ಮೂರು ದಿನ ರಜೆ ಹಾಕಿ, ಹೊಳೆಯ ನುಣುಪುಗಲ್ಲಿನಿಂದ ನೆಲವನ್ನು ಉಜ್ಜಿ ಉಜ್ಜಿ ಹೊಳೆಯಿಸಿದ.

ಶಿವಮೊಗ್ಗದ ತಂಡ ಬಿಳಿಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದಿಳಿಯಿತು. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲೇ ಮೂವರು ಜಾರಿ ಬಿದ್ದರು. ಅವರ ನಾಯಕ ಹಾಲಸ್ವಾಮಿ ಮೊಣಕೈ ಉಜ್ಜಿಕೊಳ್ಳುತ್ತ ಕೂಗಿದ: “ಏನ್ ಮಾರಾಯ, ಎಣ್ಣೆ ಸವರಿದೀಯ? ನಮ್ಮನ್ನ ಬೀಳ್ಸೋಕೇ ಮಾಡಿರೋದು ಇದು!”

ಜಟ್ಟಪ್ಪನ ಮುಖ ಕಪ್ಪಿಟ್ಟಿತು. “ಇದು ಕಣ ಸ್ವಾಮಿ. ಕಣದಾಗೆ ಮೋಸ ಮಾಡಿದೋನಿಗೆ ಅನ್ನ ಹುಟ್ಟಲ್ಲ. ನೋಡಿ, ನನ್ ಕಾಲು ಜಾರ್ತದಾ?” ಎಂದು ಬರಿಗಾಲಿನಲ್ಲಿ ಆ ಕೊನೆಗೂ ಈ ಕೊನೆಗೂ ಓಡಿ ತೋರಿಸಿದ.

ನಮ್ಮ ನಾಯಕ ಶೇಷಪ್ಪ ನಕ್ಕ. “ನಮ್ ನೆಲ ಕಣಯ್ಯ. ಬೂಟ್ ಬಿಚ್ಚಿ ಆಡ್ರಿ, ಯಾರು ಬೇಡ ಅಂದ್ರು?”

ಅಂಪೈರ್ ಮುರುಗೇಶಪ್ಪನವರು ದೂರು ಬರೆಯಲು ಪುಸ್ತಕ ತೆರೆದರು.

“ಒಂದ್ ಗಳಿಗೆ ತಡೀರಿ ಬುದ್ಧಿ,” ಎಂದ ಜಟ್ಟಪ್ಪ. ಹಾಲಸ್ವಾಮಿಯ ಬೂಟುಗಳನ್ನು ಕೇಳಿ ತೆಗೆದುಕೊಂಡ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಅವುಗಳನ್ನು ಮೆಟ್ಟಿದ. ನಾಲ್ಕು ಹೆಜ್ಜೆ ನಡೆದ. ಐದನೆಯದಕ್ಕೆ ಜಾರಿ ಧಡಕ್ಕನೆ ಕುಳಿತುಬಿಟ್ಟ.

ಹುಣಸೆಮರದ ನೆರಳಿನಿಂದ ಅವನ ಹೆಂಡತಿ ಕಾಳಮ್ಮ, “ಹುಟ್ಟಿದಾಗಿಂದ ಮೆಟ್ಟು ಹಾಕ್ದೋನಲ್ಲ, ಊರೆಲ್ಲ ಸೇರಿದ ದಿನಾನೇ ಹಾಕ್ಬೇಕಿತ್ತಾ!” ಎಂದಳು. ಎಲ್ಲರೂ ನಕ್ಕರು. ಜಟ್ಟಪ್ಪ ನಗಲಿಲ್ಲ.

“ತಪ್ಪು ನಂದೇ. ನಮ್ ಹುಡುಗ್ರ ಕಾಲಿಗೆ ಮಾಡಿದೆ. ಬರೋರ ಕಾಲು ಎಂಥದು ಅಂತ ಯೋಚ್ನೆ ಮಾಡ್ಲಿಲ್ಲ.”

ಒಡನೆಯೇ ಹೊಳೆಯ ದಪ್ಪ ಮರಳು ತಂದು ಎರಚಿ, ಕಡ್ಡಿಪೊರಕೆಯಿಂದ ಉಜ್ಜತೊಡಗಿದ. ಮೂರು ದಿನದ ಹೊಳಪು ಒಂದು ಗಂಟೆಯಲ್ಲಿ ಹೋಯಿತು. ಶೇಷಪ್ಪ ಮರಳಿನ ಬುಟ್ಟಿ ಹಿಡಿದೆಳೆದ.

“ಗೆಲ್ಲೋ ಪಂದ್ಯ ಕಳೀತೀಯಲ್ಲೋ!”

“ಪಂದ್ಯ ಹೋದ್ರೆ ಮುಂದಿನ ವರ್ಷ ಬರ್ತದೆ. ಅಂಗಳಾನೇ ಹೋದ್ರೆ ಎಲ್ಲಿ ಆಡ್ತೀಯ? ಬಿಡು ಬುಟ್ಟಿ.”

ಮುರುಗೇಶಪ್ಪನವರು ಏನನ್ನೂ ಬರೆಯದೆ ಪುಸ್ತಕ ಮುಚ್ಚಿದರು.

ಮರಳು ನಮ್ಮ ಹುಡುಗರ ಬರಿಗಾಲನ್ನು ಕಚ್ಚಿತು. ಮೂರು ಅಂಕಗಳಿಂದ ಸೋತೆವು. ಶೇಷಪ್ಪ ಒಂದು ವಾರ ಜಟ್ಟಪ್ಪನೊಡನೆ ಮಾತು ಬಿಟ್ಟಿದ್ದ. ಆದರೆ ಮುಂದಿನ ವರ್ಷದ ಅಂತಿಮ ಪಂದ್ಯವೂ ನಮ್ಮ ಅಂಗಳದಲ್ಲೇ ನಡೆಯಿತು.

ಅದಕ್ಕೆ ಮುಂಚೆ ಹಾಲಸ್ವಾಮಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತನ್ನ ಹಳೆಯ ಬೂಟುಗಳನ್ನು ಕಳುಹಿಸಿಕೊಟ್ಟಿದ್ದ. ಆಮೇಲೆ ಪ್ರತಿ ಪಂದ್ಯದ ಬೆಳಿಗ್ಗೆ ಜಟ್ಟಪ್ಪ ಪಂಚೆ ಎತ್ತಿಕಟ್ಟಿ, ಆ ಬೂಟು ಹಾಕಿಕೊಂಡು ಅಂಗಳವನ್ನು ಉದ್ದಕ್ಕೂ ಅಡ್ಡಕ್ಕೂ ನಡೆದು ನೋಡುತ್ತಿದ್ದ. ಎಲ್ಲಿಯೂ ಜಾರದಿದ್ದರೆ ಅವುಗಳನ್ನು ಬಿಚ್ಚಿ ಹುಣಸೆಕೊಂಬೆಗೆ ತೂಗುಹಾಕಿ, ಬರಿಗಾಲಿನಲ್ಲಿ ಹಿಂದಿರುಗಿ ಬಂದು ಸುಣ್ಣದ ಗೆರೆ ಎಳೆಯಲು ಕೂರುತ್ತಿದ್ದ.