ಡಾಕ್ಟರ ಪರವಾಗಿ ಒಂದು ಹೂಂಕಾರ

ಕಳೆದ ಸೋಮವಾರ ಮೈಸೂರಿನಲ್ಲಿ ನನ್ನನ್ನು ಮಂಚದ ಮೇಲೆ ಮಲಗಿಸಿ, ಎದೆಗೆ ತಣ್ಣಗಿನ ಅಂಟು ಸವರಿ, ತಂತಿ ಹಚ್ಚಿ ಇಸಿಜಿ ತೆಗೆದರು.

ನನಗೇನೂ ಆಗಿರಲಿಲ್ಲ. ಎದೆನೋವಿಲ್ಲ, ತಲೆಸುತ್ತಿಲ್ಲ. ಬೇರೆಯವರ ಪರವಾಗಿ ತಿಣುಕಿದ್ದಕ್ಕೆ ಸಿಕ್ಕ ಶಿಕ್ಷೆ ಅದು.

ತಿಣುಕುವುದಕ್ಕೂ ಪ್ರಾಕ್ಸಿ ಇರುತ್ತದೆಯೇ? ಇರುತ್ತದೆ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಒಬ್ಬನ ಪರವಾಗಿ ಇನ್ನೊಬ್ಬ 'ಎಸ್ಸಾರ್' ಅನ್ನುವುದನ್ನು ಹಿಡಿದು ಹಿಡಿದು ಬೈದ ಲೆಕ್ಚರರ್ ನಾನು. ಆ ನಾನೇ ಇಂಥ ಕೆಲಸಕ್ಕೆ ಇಳಿದದ್ದು ಹೇಗೆ ಎಂಬುದೇ ಈ ವಾರದ ಕತೆ. (ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಅದಕ್ಕೇ ಡೈರಿ ಬರೆಯುತ್ತೇನೆ. ಆದರೆ ಡೈರಿ ಬರೆಯುವವನೂ ನಾನೇ ಅಲ್ಲವೇ? ಮುಖ್ಯವಾದ ದಿನದ ಪುಟದಲ್ಲಿ 'ಅವರೆಕಾಯಿ ಚೆನ್ನಾಗಿತ್ತು' ಅಂತ ಮಾತ್ರ ಇದೆ. ಹಾಗಾಗಿ ಒಂದೆರಡು ಕಡೆ ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಪಾಂಡವಪುರದ ನಮ್ಮ ಕ್ಲಬ್ಬಿನಲ್ಲಿ ಒಂದೇ ಒಂದು ಟೆನಿಸ್ ಕೋರ್ಟಿದೆ. ಮಣ್ಣಿನದು. ವಾರಕ್ಕೊಮ್ಮೆ ಸಗಣಿ ನೀರಿನಲ್ಲಿ ಸಾರಿಸುತ್ತಾರೆ, ಮೇಲೆ ಸುಣ್ಣದ ಗೆರೆ. ಅಂಥ ನೆಲದ ಮೇಲೆ ಚೆಂಡು ಬಿದ್ದರೆ ಸದ್ದೇ ಬರುವುದಿಲ್ಲ. ಹಾಗಾಗಿ ಆಡುವವರ ಸದ್ದು ಎದ್ದು ಕೇಳುತ್ತದೆ. ಕಣ್ಣು ಮುಚ್ಚಿ ಕೂತರೂ ಯಾರು ಹೊಡೆದರೆಂದು ಹೇಳಬಹುದು. ಬ್ಯಾಂಕ್ ಮ್ಯಾನೇಜರು 'ಉಸ್' ಅನ್ನುತ್ತಾರೆ, ಕುಕ್ಕರಿನ ಹಾಗೆ. ನಾಲೆ ಇಂಜಿನಿಯರು ಹೊಡೆಯುವಾಗ ಉಸಿರು ಬಿಗಿಹಿಡಿದು, ಚೆಂಡು ಆಚೆ ಹೋದ ಮೇಲೆ 'ಅಮ್ಮಾ' ಅನ್ನುತ್ತಾರೆ. ನಾನು? ಸದ್ದಿಲ್ಲದೆ ಆಡುವವನು ಎಂದು ನಂಬಿಕೊಂಡಿದ್ದೆ.

ಮನೆಯಲ್ಲಿ ಆ ನಂಬಿಕೆಗೆ ಬೆಲೆಯಿಲ್ಲ. ಟೀವಿಯಲ್ಲಿ ಯಾವುದೋ ದೇಶದ ಹುಡುಗಿ ಪ್ರತಿ ಹೊಡೆತಕ್ಕೂ ಕಿರುಚುತ್ತಿದ್ದಳು. ಇದೇನು ಆಟವೋ ಅರಚಾಟವೋ ಎಂದು ನಾನು ಗೊಣಗಿದೆ. ನನ್ನ ಹೆಂಡತಿ ಶಾರದಾ ಸೊಪ್ಪು ಬಿಡಿಸುತ್ತಾ, "ಆ ಹುಡುಗಿ ಕೂಗಿದ್ರೆ ಪಾಯಿಂಟಾದ್ರೂ ಬರುತ್ತೆ. ನೀವು ಕುರ್ಚಿಯಿಂದ ಏಳೋವಾಗ ಕೂಗ್ತೀರಲ್ಲ, ಏನು ಬರುತ್ತೆ?" ಅಂದಳು.

ಇವರೆಲ್ಲರನ್ನೂ ಮೀರಿಸಿದ ಸದ್ದು ನನ್ನ ಡಬಲ್ಸ್ ಜೊತೆಗಾರ ಡಾಕ್ಟರ್ ನಿಂಗೇಗೌಡರದು. ದನದ ಡಾಕ್ಟರು. ಕೆ.ಆರ್. ಪೇಟೆಯವರು, ನಾಗಮಂಗಲದ ಕಡೆ ಬಹಳ ವರ್ಷ ಕೆಲಸ ಮಾಡಿ ಇಲ್ಲಿಗೆ ಬಂದವರು. (ಕೋರ್ಟಿಗೆ ಸಗಣಿ ಹೊಂದಿಸುವುದೂ ಅವರೇ. ಅವರನ್ನು ಎದುರುಹಾಕಿಕೊಂಡು ಯಾರೂ ಟೆನಿಸ್ ಆಡಲಾರರು.) ಅವರು ಸರ್ವಿಸ್ ಮಾಡುವಾಗ ಹೊಟ್ಟೆಯ ಆಳದಿಂದ 'ಹೂಂಕ್' ಎಂದು ಒಂದು ಹೂಂಕಾರ ಬರುತ್ತಿತ್ತು. ಹೊಸಬರು ಚೆಂಡು ಬಿಟ್ಟು ಅವರ ಮುಖ ನೋಡುತ್ತಿದ್ದರು.

"ಇದು ಎಲ್ಲಿ ಕಲಿತದ್ದು ಡಾಕ್ಟ್ರೇ?" ಎಂದು ಒಮ್ಮೆ ಕೇಳಿದ್ದೆ.

"ಬಿಂಡಿಗನವಿಲೇಲಿ ಕಣ್ ಮೇಷ್ಟ್ರೇ. ಹಸ ಈಯೋಕಾಗ್ದೆ ಕರ ಸಿಕ್ಕಾಕ್ಕೊಂಡಿರ್ತದಲ್ಲ, ಕಾಲಿಗೆ ಅಗ್ಗ ಕಟ್ಟಿ ಎಳೀಬೇಕು. ಸುಮ್ಕೆ ಎಳೆದ್ರೆ ಬರಾಕಿಲ್ಲ. ಅದು ತಿಣುಕ್ದಾಗ ನಾವೂ ತಿಣುಕ್ಬೇಕು. ಒಬ್ರೇ ತಿಣುಕುದ್ರೆ ಕರ ಆಚೆಗೆ ಬರ್ತದಾ?"

ಆಗ ನಕ್ಕುಬಿಟ್ಟಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮನೆ ಜಗಲಿಯ ಮೇಲೆ ಕೂತಿದ್ದ ಡಾಕ್ಟರು ಹಾಗೇ ಗೋಡೆಗೆ ಒರಗಿಬಿಟ್ಟರು. ಹೃದಯದ ತೊಂದರೆ. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದರು. ಇನ್ನು ಟೆನಿಸ್ ಮುಗಿಯಿತು ಅಂದುಕೊಂಡೆವು. ಆದರೆ ಸಂಕ್ರಾಂತಿ ಹೊತ್ತಿಗೆ ಕೋರ್ಟಿಗೆ ಬಂದರು. ಹಿಂದೆಯೇ ಅವರ ಹೆಂಡತಿ ಜಯಮ್ಮನವರು, ಕಂಕುಳಲ್ಲಿ ಮೊರ, ಕೈಯಲ್ಲಿ ಒಂದು ಬ್ಯಾಗು ಅವರೆಕಾಯಿ.

"ಆಟ ಆಡ್ಲಿ, ಬ್ಯಾಡ ಅನ್ನಾಕಿಲ್ಲ," ಎಂದು ಜಯಮ್ಮನವರು ನಮಗೆಲ್ಲ ಕೇಳುವಂತೆ ಹೇಳಿದರು. "ತಿಣುಕ್ಕೂಡದು. ಒಂದು ಸದ್ದು ಬಂತೋ, ಆಗ್ಲೇ ಮನೆಗೆ."

ಹೇಳಿ, ಕಲ್ಲುಬೆಂಚಿನ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದರು. ಆಟದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಕಿವಿಯಿತ್ತಲ್ಲ.

ಆಮೇಲೆ ನಾವು ಆಡಿದ್ದಕ್ಕೆ ಟೆನಿಸ್ ಅನ್ನಬಹುದೇ? ಡಾಕ್ಟರು ತುಟಿ ಕಚ್ಚಿ ಸರ್ವಿಸ್ ಮಾಡುತ್ತಿದ್ದರು. ಚೆಂಡು ನೆಟ್ಟಿನವರೆಗೆ ಹೋಗಿ ಅಲ್ಲೇ ಕೂರುತ್ತಿತ್ತು. ಎರಡನೇ ದಿನವೂ ಅದೇ. ಮೂರನೇ ದಿನ ನೀರು ಕುಡಿಯುವ ನೆಪದಲ್ಲಿ ನನ್ನನ್ನು ನಲ್ಲಿಯ ಹತ್ತಿರ ಕರೆದರು. ಮುಖ ಸಣ್ಣಗಾಗಿತ್ತು.

"ನಂಗೆ ಬುಟ್ಬುಡೋದು ವಾಸಿ ಅನ್ನುಸ್ತಾ ಅದೆ ಮೇಷ್ಟ್ರೇ. ಬಾಯಿ ಮುಚ್ಕಂಡ್ರೆ ಕೈಯೇ ಬರಾಕಿಲ್ಲ. ಇನ್ನು ಮನೇಲೇ ಕುಂತ್ಕತೀನಿ, ಯಾಪಾರ ಮುಗೀತು ಅಂತ."

ಟೆನಿಸ್ ಬಿಟ್ಟರೆ ಅವರು ಬಿಡುವುದು ಟೆನಿಸ್ಸನ್ನು ಮಾತ್ರ ಅಲ್ಲ ಎಂದು ನನಗೆ ಅನ್ನಿಸಿತು. ಉಪಾಯ ಅವರಿಗೇ ತೋಚಿತು.

"ಒಂದ್ ಕೆಲ್ಸ ಮಾಡಿ. ನಾನು ಒಡೆಯೋವಾಗ ನೀವು ಜೋರಾಗಿ ಒಂದು ಹೂಂಕಾರ ಹಾಕ್ಬುಡಿ. ಅದ್ರ ಮರೇಲಿ ನಾನೂ ಸಣ್ಣದೊಂದು ಬುಟ್ಕತೀನಿ."

ನಗಬೇಡಿ. ಮಧ್ಯಕಾಲೀನ ಇತಿಹಾಸ ಪಾಠ ಮಾಡುವ ಎಂ.ಎ. ಪದವೀಧರನಾದ ನಾನು ಒಪ್ಪಿಕೊಂಡೆ.

ಅಂದಿನಿಂದ ಹೊಡೆಯುವವರು ಡಾಕ್ಟರು, ಕೂಗುವವನು ನಾನು. ಅವರು ಹಿಂದೆ ನಿಂತು ಚೆಂಡು ಮೇಲೆಸೆದ ತಕ್ಷಣ, ನೆಟ್ಟಿನ ಬಳಿ ಸುಮ್ಮನೆ ನಿಂತ ನಾನು 'ಹೂಂಕ್' ಅನ್ನುತ್ತಿದ್ದೆ. ಒಳಗೊಳಗೇ ಇನ್ನೊಂದು 'ಹೂಂಕ್' ಅವರದು. ಅನುಮಾನ ಬಾರದಿರಲೆಂದು ನನ್ನ ಹೊಡೆತಗಳಿಗೂ ಕೂಗಿಕೊಂಡೆ. ಚೆಂಡು ನೆಟ್ಟು ದಾಟಿತು. ಡಾಕ್ಟರ ಮುಖಕ್ಕೆ ಬಣ್ಣ ಬಂತು. ಜಯಮ್ಮನವರು ಮಾತ್ರ ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಲೇ ಇದ್ದರು.

ನಾನು ಮಾಡುತ್ತಿರುವುದು ಸರಿಯೇ ಎಂದು ನನ್ನನ್ನೇ ಕೇಳಿಕೊಳ್ಳದೆ ಇರಲಿಲ್ಲ. ಗೆಳೆಯನ ಖುಷಿ ಉಳಿಸುತ್ತಿದ್ದೇನೋ, ಎದೆ ಕೆಡಿಸುತ್ತಿದ್ದೇನೋ? ಒಂದು ವೇಳೆ ಏನಾದರೂ ಆದರೆ? ಸ್ನಾನ ಮಾಡುವಾಗ ಇದೇ ಯೋಚನೆ. ಆದರೆ ಸಂಜೆ ಕೋರ್ಟಿಗೆ ಇಳಿದರೆ ಮರೆತೇ ಹೋಗುತ್ತಿತ್ತು. ನಿಜ ಹೇಳಲೇ? ಮೊದಲು ನಾಚಿಕೆಯಾಗಿತ್ತು. ಆಮೇಲೆ ಚಟವಾಯಿತು. ಹೂಂಕಾರ ಹಾಕಿದರೆ ನನ್ನ ಬ್ಯಾಕ್‌ಹ್ಯಾಂಡೂ ಒಂದು ಮೊಳ ಮುಂದೆ ಬೀಳುತ್ತಿತ್ತು.

ಹೋದ ಭಾನುವಾರ ಶ್ರೀರಂಗಪಟ್ಟಣದ ಗೆಳೆಯರೊಂದಿಗೆ ಮ್ಯಾಚು. ಅಲ್ಲಿಗೂ ಜಯಮ್ಮನವರು ಮೊರದ ಸಮೇತ ಬಂದರು. ಆಟ ಸಮಸಮಕ್ಕೆ ಬಂದು ಕೊನೆಯ ಗೇಮಿಗೆ ನಿಂತಿತು. ಸರ್ವಿಸ್ ಡಾಕ್ಟರದು. ಆಗ ಎದುರಿನವರಲ್ಲೊಬ್ಬರು ಬ್ಯಾಟು ಕೆಳಗಿಟ್ಟರು.

"ಅಲ್ಲ ಸ್ವಾಮಿ, ಒಡೆಯೋರು ಅವ್ರು, ಕೂಗೋರು ನೀವು. ಇದ್ಯಾವ ಊರ ಆಟ?"

ಅಂಪೈರ್ ಆಗಿದ್ದವರು ತಾಲ್ಲೂಕು ಕಚೇರಿಯ ಶಿರಸ್ತೇದಾರರು. ಕಡತ ನೋಡಿದಂತೆ ಆಕಾಶ ನೋಡಿದರು. "ಹೊಡೆಯುವವರು ಕೂಗಬಾರದು ಅಂತ ನಿಯಮ ಇದ್ದರೂ ಇರಬಹುದು. ಹೊಡೆಯದೆ ಇರುವವರ ಬಗ್ಗೆ ನನಗೆ ತಿಳಿದ ಮಟ್ಟಿಗೆ ಏನೂ ಇಲ್ಲ," ಎಂದರು. ಸ್ವಲ್ಪ ತಡೆದು, "ಆದರೂ ದಯವಿಟ್ಟು ಈ ಗೇಮಿಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಆಡಿ," ಎಂದು ಆದೇಶ ಕೊಟ್ಟರು.

ಸರಿ, ಬಾಯಿ ಮುಚ್ಚಿಕೊಂಡೆವು. ನಾನೂ ಕೂಗಲಿಲ್ಲ, ಡಾಕ್ಟರೂ ಕೂಗಲಿಲ್ಲ. ಒಂದು ಪಾಯಿಂಟು ಹೋಯಿತು. ಇನ್ನೊಂದು ಹೋಯಿತು. ಕೋರ್ಟಿನಲ್ಲಿ ಕಾಗೆಯ ಸದ್ದು ಬಿಟ್ಟರೆ ಏನೂ ಇಲ್ಲ.

ಜಯಮ್ಮನವರು ಎದ್ದು ನಿಂತರು. ತೊಡೆಯ ಮೇಲಿದ್ದ ಮೊರ ಜಾರಿ, ಸುಲಿದ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಅದನ್ನೂ ನೋಡದೆ ಅವರು ಡಾಕ್ಟರನ್ನೇ ನೋಡುತ್ತಿದ್ದರು.

ಸಿಕ್ಕಿಬಿದ್ದೆವು, ಗುಟ್ಟು ಗೊತ್ತಾಯಿತು ಅಂದುಕೊಂಡೆ. ಡಾಕ್ಟರಿಗೂ ಹಾಗೇ ಅನ್ನಿಸಿರಬೇಕು. ಗಾಬರಿಯಲ್ಲಿ ಚೆಂಡು ಮೇಲೆಸೆದು ಬೀಸಿದರು. ತಡೆದುಕೊಂಡಿದ್ದ 'ಹೂಂಕ್' ತಾನಾಗಿಯೇ ಬಂದುಬಿಟ್ಟಿತು. ಮರೆಗೆ ನನ್ನ ಕೂಗಿರಲಿಲ್ಲ. ಕೋರ್ಟಿಗೆಲ್ಲ ಕೇಳಿತು.

ವಿಚಿತ್ರವೆಂದರೆ ಜಯಮ್ಮನವರು ಕೂತುಕೊಂಡರು. ಬಗ್ಗಿ ನಿಧಾನವಾಗಿ ಕಾಳು ಆಯತೊಡಗಿದರು.

ಚೆಂಡು ನೆಟ್ಟಿಗೆ ಬಿತ್ತು. ಕೊನೆಗೆ ಮ್ಯಾಚೂ ಸೋತೆವು. "ಪುಣ್ಯಕ್ಕೆ ಅವ್ಳಿಗೆ ಕೇಳುಸ್ಲಿಲ್ಲ ಕಣ್ ಮೇಷ್ಟ್ರೇ," ಎಂದು ಡಾಕ್ಟರು ವಾಪಸು ಬರುವಾಗ ಪಿಸುಗುಟ್ಟಿದರು. ಗೆದ್ದವರಿಗೂ ಅಷ್ಟು ಸಂತೋಷ ಆಗಿರಲಾರದು.

ಪಾಂಡವಪುರಕ್ಕೆ ಬಂದು ನಮ್ಮ ಮನೆ ಬಾಗಿಲಲ್ಲಿ ನನ್ನನ್ನು ಇಳಿಸುವಾಗ ಜಯಮ್ಮನವರು ಶಾರದಾಳನ್ನು ಕರೆದು ಹೇಳಿದರು. "ನಿಮ್ಮೆಜಮಾನ್ರು ಬೋ ತಿಣುಕ್ತಾರೆ ಕಣವ್ವ. ಒಂದ್ಸಲ ಎದೆ ತೋರ್ಸುಬುಡಿ."

ಮಾರನೇ ದಿನ ಮೈಸೂರು. ಅಂಟು, ತಂತಿ, ಇಸಿಜಿ. ಎಲ್ಲವೂ ಸರಿಯಾಗಿದೆ ಎಂದು ಕಳಿಸಿದರು. ಬಿ.ಪಿ. ಮಾತ್ರ ಸ್ವಲ್ಪ ಏರಿದೆಯಂತೆ, ಉಪ್ಪಿನಕಾಯಿ ಕಮ್ಮಿ ಮಾಡಬೇಕಂತೆ.

ಮಂಗಳವಾರ ಡಾಕ್ಟರ ಮನೆಗೆ ಹೋದೆ. ಅವರು ಯಾವುದೋ ಹಳ್ಳಿಗೆ ಹಸು ನೋಡಲು ಹೋಗಿದ್ದರು. ಜಯಮ್ಮನವರು ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು.

"ಏನಂದ್ರು ಮೇಷ್ಟ್ರೇ? ಎದೆ ನೆಟ್ಟಗೈತಂತಾ?"

"ಗಟ್ಟಿಯಾಗಿದೆಯಂತೆ ಅಕ್ಕ."

"ನಂಗೊತ್ತಿತ್ತು ಬುಡಿ."

"ಗೊತ್ತಿದ್ದೂ ಯಾಕೆ ಕಳಿಸಿದಿರಿ?"

"ಇನ್ನೊಬ್ರ ಬಾಬ್ತು ತಿಣುಕೋರ್ಗೆ ಒಸಿ ಬಿಸಿ ತಾಕ್ಲಿ ಅಂತ."

ನನ್ನ ಮುಖ ಏನಾಗಿತ್ತೋ ನನಗೆ ಗೊತ್ತಿಲ್ಲ. ಅವರು ನಗುತ್ತಾ ಮೊರ ಕೆಳಗಿಟ್ಟರು.

"ಇಷ್ಟ್ ವರ್ಸ ಪಕ್ದಲ್ಲಿ ಮನಿಕೊಂಡಿವ್ನಿ. ಅವ್ರ ಉಸ್ರು ಯಾವ್ದು, ನಿಮ್ದು ಯಾವ್ದು ತಿಳಿಯಾಕಿಲ್ವಾ? ಅವ್ರದು ಒಟ್ಟೆಯಿಂದ ಬರ್ತದೆ. ನಿಮ್ದು ಗಂಟ್ಲಿಂದ, ನಾಟಕದ ರಾಜನ್ದು ಇದ್ದಂಗದೆ."

"ಮತ್ತೆ ಸದ್ದು ಬಂದರೆ ಮನೆಗೆ ಅಂದಿದ್ದಿರಲ್ಲ?"

"ಮೈಸೂರ್ ಡಾಕ್ಟ್ರು ಏನಂದ್ರು? ಆಡ್ಲಿ, ಮೊದ್ಲಿನ್ ಅರ್ಧ ಜೋರಲ್ಲಿ ಆಡ್ಲಿ ಅಂದ್ರು. ಅರ್ಧ ಆಡಿ ಅಂದ್ರೆ ಈ ಯಪ್ಪ ಕೇಳ್ತಾರಾ? ಪೂರ್ತಿ ಆಡ್ತಾರೆ. ಅದ್ಕೇ ತಿಣುಕ್ಲೇಬ್ಯಾಡಿ ಅಂದೆ. ಈಗ ಕದ್ದು ತಿಣುಕ್ತಾವ್ರೆ. ಕದ್ದು ತಿಣುಕೋದು ಅರ್ಧಕ್ಕೇ ನಿಲ್ತದೆ."

ನಾವು ಗುಟ್ಟಾಗಿ ಮಾಡಿದ ಉಪಾಯ ಅವರ ಔಷಧಿ ಚೀಟಿಯ ಒಂದು ಭಾಗವಾಗಿತ್ತು. ಆದರೂ ಒಂದು ಅನುಮಾನ ಉಳಿದಿತ್ತು.

"ಹಾಗಾದರೆ ಶ್ರೀರಂಗಪಟ್ಟಣದಲ್ಲಿ ಯಾಕೆ ಎದ್ದು ನಿಂತಿರಿ ಅಕ್ಕ?"

ಅವರ ನಗು ನಿಂತಿತು. ನಾವು ಕೂತಿದ್ದ ಜಗಲಿಯನ್ನೇ ಕೈಯಲ್ಲಿ ತೋರಿಸಿದರು.

"ಆವತ್ತು ಇಲ್ಲೇ ಕುಂತಿದ್ರು. ಕುಂತ್ರೂ ಎದ್ರೂ ಬೀದಿಗೆ ಕೇಳಂಗೆ ಸದ್ದು ಮಾಡೋ ಮನ್ಸ. ಒಳಗಿಂದ ಕಾಫಿ ತಕ್ಕಳಿ ಅಂದೆ. ಉಸ್ ಅನ್ನಲಿಲ್ಲ. ಪೇಪರ್ ಓದ್ತಾವ್ರೆ ಅನ್ಕಂಡು ಲೋಟ ತೊಳೀತಾ ನಿಂತಿದ್ದೆ." ಮತ್ತೆ ಮೊರ ಎತ್ತಿಕೊಂಡರು. "ಸದ್ದು ಮಾಡುದ್ರೆ ನಂಗೇನ್ ಬಯ ಮೇಷ್ಟ್ರೇ?"

ಅಷ್ಟರಲ್ಲಿ ಹೊರಗೆ ಸ್ಕೂಟರ್ ಬಂದು ನಿಂತಿತು. ಅದನ್ನು ಸ್ಟ್ಯಾಂಡಿಗೆ ಏರಿಸುವ ಡಾಕ್ಟರ 'ಹೂಂಕ್' ಕೇಳಿತು. ಜಯಮ್ಮನವರು ತಲೆ ಎತ್ತಲಿಲ್ಲ. ರಾಗಿ ಕೇರುವ ಕೈ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಅವ್ರಿಗೆ ಏಳ್ಬ್ಯಾಡಿ," ಅಂದರು.

ಡಾಕ್ಟರು ನನ್ನನ್ನು ಗೇಟಿನವರೆಗೆ ಬಿಡಲು ಬಂದು ಕಿವಿಯ ಹತ್ತಿರ ಬಾಗಿದರು. "ಸಾಯಂಕಾಲ ಬತ್ತೀರಲ್ಲ? ಒಸಿ ಜೋರಾಗೇ ಆಕಿ. ಅವ್ಳಿಗೆ ಅನ್ಮಾನ ಬಂದಂಗದೆ."

ಹೇಳಲಿಲ್ಲ. (ಡಾಕ್ಟರು ಪೇಪರಿನಲ್ಲಿ ಕ್ರೀಡಾಪುಟ ಬಿಟ್ಟು ಬೇರೆ ಯಾವ ಪುಟವನ್ನೂ ಓದುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ಪಾಂಡವಪುರದ ಓದುಗರು ದಯವಿಟ್ಟು ಸಹಕರಿಸಬೇಕು.)

ಮನೆಗೆ ಬಂದು ಶಾರದಾಳಿಗೆ ಎಲ್ಲವನ್ನೂ ಹೇಳಿದೆ. ಜಯಮ್ಮನವರಿಗೆ ಗಂಡನ ಉಸಿರು ಗೊತ್ತಾಯಿತು, ನನ್ನದು ಸುಳ್ಳು ಹೂಂಕಾರ ಎಂದು ನಿನಗೇಕೆ ಗೊತ್ತಾಗಲಿಲ್ಲ ಎಂದು ಸ್ವಲ್ಪ ಬೇಸರದಿಂದಲೇ ಕೇಳಿದೆ.

"ಗೊತ್ತಿತ್ತಲ್ಲ," ಅಂದಳು. "ಬಿ.ಪಿ. ನೋಡಿಸ್ಕೊಳ್ಳಿ ಅಂದಾಗೆಲ್ಲ ಪರೀಕ್ಷೆ, ಪೇಪರ್ ವ್ಯಾಲ್ಯುಯೇಷನ್ ಅಂತ ತಪ್ಪಿಸ್ಕೊಳ್ತಿದ್ರಿ. ಅದಕ್ಕೇ ಜಯಮ್ಮನವರ ಕೈಲಿ ಹೇಳಿಸ್ದೆ."

ಜಯಮ್ಮನವರು ಹೇಳಿದ ಕಾರಣವೇ ಬೇರೆಯಿತ್ತು. ಯಾವುದು ನಿಜ? ಇಬ್ಬರ ಮಾತನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಓದಿದಾಗಲೂ ತೀರ್ಮಾನವಾಗಲಾರದು.

ಈಗಲೂ ಸಂಜೆಯಾದರೆ ಡಾಕ್ಟರು ಚೆಂಡು ಮೇಲೆಸೆಯುತ್ತಾರೆ, ನಾನು ಹೂಂಕಾರ ಹಾಕುತ್ತೇನೆ. ಈ ನಡುವೆ ಬೆಂಚಿನ ಮೇಲೆ ಶಾರದಾಳೂ ಬಂದು ಕೂತಿರುತ್ತಾಳೆ. ಇಬ್ಬರ ನಡುವೆ ಒಂದೇ ಮೊರ, ಇಬ್ಬರೂ ಆಟದ ಕಡೆ ನೋಡುವುದಿಲ್ಲ.

ನಾಲ್ವರು ಗಂಡಸರು ಕೋರ್ಟಿನೊಳಗೆ ಏದುಸಿರು ಬಿಡುತ್ತಾ ಓಡಾಡುತ್ತಿರುತ್ತೇವೆ, ನಿಜ. ಆದರೆ ಆಟ ಆಡಿಸುತ್ತಿರುವವರು ಯಾರು?